ಕ್ಲಚ್ಚಿಲ್ಲದ ಗಾಡಿಯ ಉಸ್ತಾದ್

ಅವರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪವಿತ್ತು. ಸಂಜೆ ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ, ಎರಡು ಕಾಲುಗಳನ್ನು ಇಬ್ಬರು ಬೇರೆ ಬೇರೆ ಮನುಷ್ಯರಿಂದ ತಂದು ಜೋಡಿಸಿದಂತೆ ಕಾಣುತ್ತಿತ್ತು. ಬಲಗಾಲು ಯಾರದಾದರೂ ಆಗಿರಬಹುದಾದ ಕಾಲು. ಎಡಗಾಲು ಮಾತ್ರ ಒನಕೆಯ ಹಾಗೆ ಗಟ್ಟಿ. ನರಗಳು ಹಗ್ಗದಂತೆ ಉಬ್ಬಿದ್ದವು. ವರ್ಷಗಟ್ಟಲೆ ಲಾರಿಯ ಕ್ಲಚ್ ತುಳಿದ ಕಾಲು ಅದು. ಎಡಗಾಲಿನ ಚಪ್ಪಲಿಯೂ ಮೊದಲು ಸವೆಯುತ್ತಿತ್ತು. ಚಪ್ಪಲಿ ಹೊಲಿಯುವವನು ಪ್ರತಿ ಸಲವೂ ಕೇಳುತ್ತಿದ್ದ: "ಉಸ್ತಾದ್, ಈ ಸಲ ಎಡಗಾಲಿಂದು ಅಷ್ಟ ಮಾಡ್ಲೇನ್ರಿ?"

"ಮಾಡು. ಬಲಗಾಲಿಂದು ನೀ ಹಾಕ್ಕೊಂಡು ತಿರುಗು."

ಉಸ್ತಾದ್ ಎಂಬುದು ಅವರ ಹೆಸರಲ್ಲ. ಲಾರಿ ನಡೆಸಿ ಪಳಗಿ, ನಾಲ್ಕು ಜನಕ್ಕೆ ಕಲಿಸಿದ ಡ್ರೈವರನನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಹಾಗೆ ಕರೆಸಿಕೊಳ್ಳುವವರು ಊರಿಗೆ ಇಬ್ಬರು ಮೂವರಾದರೂ ಇರುತ್ತಾರೆ. ಇಂಡಿಯಿಂದ ತಾಳಿಕೋಟೆಯವರೆಗೆ ಬರಿದೇ "ಉಸ್ತಾದ್" ಅಂದರೆ ಇವರೊಬ್ಬರೇ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ವಿನಯ ಅವರ ಗುಣವಾಗಿರಲಿಲ್ಲ. ರುಮಾಲನ್ನು ಕನ್ನಡಿ ನೋಡಿಕೊಂಡು ಸುತ್ತುತ್ತಿದ್ದರು, ಮೀಸೆಗೆ ಎಣ್ಣೆ ಹಚ್ಚುತ್ತಿದ್ದರು. ಬೇರೆ ಡ್ರೈವರ್ ಗೇರು ಕಿರುಗುಟ್ಟಿಸಿದ್ದು ಕೇಳಿದರೆ ರಸ್ತೆಯ ಆಚೆ ಬದಿಯಿಂದಲೇ, "ಯಾಂವಲೇ ಆಂವ, ಗಾಡಿ ಹಲ್ಲು ಕೀಳಾಕತ್ತಾಂವ?" ಎಂದು ಕೂಗುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಒಂದು ದಿನಪತ್ರಿಕೆಯ ವರದಿಗಾರನಾಗಿ ಮುದ್ದೇಬಿಹಾಳದಲ್ಲಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕು ನನ್ನ ಪಾಲಿನವು. ನಾನು ಬಾಡಿಗೆಗೆ ಹಿಡಿದ ಕೋಣೆಯ ಗೋಡೆಯ ಆಚೆ ಉಸ್ತಾದರ ಮನೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅವರ ಊರು ಮೋರಟಗಿ. ತಂದೆ, ಅಜ್ಜ ಎಲ್ಲ ಕುರಿ ಕಾಯ್ದವರು. "ಅವರು ಕುರಿ ಹಿಂದ ಹೋದ್ರು, ನಾ ಲಾರಿ ಒಳಗ ಕುಂತೆ. ದಾರಿ ಅವ, ಊರು ಅವ," ಎನ್ನುತ್ತಿದ್ದರು.

ಅವರ ಗೇರಿನ ಕೈಯನ್ನು ನಾನು ಮೊದಲು ಕಂಡದ್ದು ಇಂಡಿಯಲ್ಲಿ ಬಸ್ಸು ತಪ್ಪಿದ ಒಂದು ಮಧ್ಯಾಹ್ನ. ಸೊಲ್ಲಾಪುರದಿಂದ ತಾಳಿಕೋಟೆಯ ಅಂಗಡಿಗೆ ಕಂದೀಲಿನ ಗಾಜು ತುಂಬಿಕೊಂಡು ಬರುತ್ತಿದ್ದವರು ನನ್ನನ್ನು ನೋಡಿ ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿಕೊಂಡರು. ಆ ಕಾಲದ ಲಾರಿಯಲ್ಲಿ ಏರಿನಲ್ಲಿ ಗೇರು ಇಳಿಸುವುದು ಸುಲಭದ ಕೆಲಸವಾಗಿರಲಿಲ್ಲ. ಒಮ್ಮೆ ಕ್ಲಚ್ ತುಳಿದು ಗೇರನ್ನು ನಡುವೆ ತರಬೇಕು. ಕಾಲು ಬಿಟ್ಟು ಎಂಜಿನ್ನಿಗೆ ಒಂದಿಷ್ಟು ರೇಸ್ ಕೊಡಬೇಕು. ಮತ್ತೆ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ರೇಸ್ ಹೆಚ್ಚಾದರೆ, ಕಡಿಮೆಯಾದರೆ, ಹಲ್ಲುಗಳು ಕಚ್ಚಾಡಿ ಲಾರಿ ಮುಗ್ಗರಿಸುತ್ತದೆ. ಉಸ್ತಾದರು ಇದನ್ನೆಲ್ಲ ನನ್ನ ಜೊತೆ ಮಾತಾಡುತ್ತಲೇ ಮಾಡುತ್ತಿದ್ದರು. ಮಾತು ಮಾತ್ರ ಒಂದು ಕ್ಷಣ ನಿಲ್ಲುತ್ತಿತ್ತು, ತಲೆ ಸ್ವಲ್ಪ ಓರೆಯಾಗುತ್ತಿತ್ತು, ಎಂಜಿನ್ನಿನ ದನಿ ಬದಲಾಗುತ್ತಿತ್ತು, ಮಾತು ಮುಂದುವರಿಯುತ್ತಿತ್ತು. ನನ್ನ ಬೆನ್ನಿಗೆ ಏನೂ ತಿಳಿಯಲಿಲ್ಲ.

"ಕೈಲೆ ಗೇರ್ ಹಾಕಬಾರದ್ರಿ, ಕಿವಿಲೆ ಹಾಕಬೇಕು," ಎಂದರು.

ತಾಳಿಕೋಟೆಯಲ್ಲಿ ಹುಲ್ಲು ಸರಿಸಿ ಪೆಟ್ಟಿಗೆಗಳನ್ನು ಬಿಚ್ಚಿದಾಗ ಒಂದೇ ಒಂದು ಗಾಜು ಒಡೆದಿತ್ತು. ಅಂಗಡಿಯವರು ಬೆರಗಾಗಿ ಕೈ ಮುಗಿದರು. ಉಸ್ತಾದರಿಗೆ ಅದು ಸಾಲಲಿಲ್ಲ. "ಸಿಂದಗಿ ದಾಟಿದ ಮ್ಯಾಲೆ ಒಂದು ಎಮ್ಮಿ ಅಡ್ಡ ಬಂತು. ಆ ಗಾಜು ಬ್ರೇಕಿಗೆ ಒಡದೈತಿ, ಗೇರಿಗೆ ಅಲ್ಲ," ಎಂದು ಅಂಗಡಿಯವರು ಒಪ್ಪುವವರೆಗೂ ಬಿಡಲಿಲ್ಲ.

ಅವರಿಗೆ ಒಂದು ಕಟ್ಟುನಿಟ್ಟು ಇತ್ತು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಇನ್ನೂ ತಣ್ಣಗಿರುವಾಗ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ಎಳೆದು ನೋಡಬೇಕು. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಮೂಸಬೇಕು. ಆಮೇಲೆ ಚಾವಿ. ಅವರ ಕೈಯಲ್ಲಿ ಕಲಿತ ಪ್ರತಿ ಡ್ರೈವರನೂ ಹೀಗೆ ಮಾಡಿಯೇ ಕಲಿತವನು. "ಎಣ್ಣಿ ನೋಡಲಾರದ ಚಾವಿ ತಿರುವಿದಾಂವ ನನ್ನ ಶಿಷ್ಯ ಅಂತ ಎಲ್ಲೂ ಹೇಳಬಾರದು," ಎನ್ನುವುದು ಅವರ ಆಜ್ಞೆ. ಸಿಂದಗಿಯ ಲಾರಿ ಅಡ್ಡೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಯಾರು ಯಾರು ಇವರ ಕೈಯವರು ಎಂದು ಬೇರೆ ಕೇಳಬೇಕಾಗಿರಲಿಲ್ಲ.

ಹೊಳೆಯ ದಿಕ್ಕಿನಲ್ಲಿ, ಬಾಗೇವಾಡಿ ಮುದ್ದೇಬಿಹಾಳದ ನಡುವೆ, ಕಾಲುವೆಯ ಏರಿಗೆ ಮಣ್ಣು ಹಾಕುವ ಕೆಲಸ ನಡೆದಿತ್ತು. ಅದನ್ನು ಹಿಡಿದಿದ್ದ ಒಬ್ಬ ಖಾಸಗಿ ಗುತ್ತಿಗೆದಾರರು ಎಲ್ಲಿಂದಲೋ ಮೂರು ಭಾರಿ ಟಿಪ್ಪರ್ ಲಾರಿಗಳನ್ನು ತರಿಸಿದರು. ಪರದೇಶದಲ್ಲಿ ಓಡಿ ಬಂದ ಹಳೆಯ ಗಾಡಿಗಳು, ಗಾಲಿಗಳೇ ಆಳೆತ್ತರ. ನೋಡಲು ಇಂಗಳೇಶ್ವರದಿಂದಲೂ ಜನ ಸೈಕಲ್ ತುಳಿದುಕೊಂಡು ಬಂದರು. ನನಗೆ ಅದೊಂದು ಸುದ್ದಿ, ನಾನೂ ಹೋದೆ. ಉಸ್ತಾದರನ್ನು ಅಲ್ಲಿ ಹೆಡ್ ಡ್ರೈವರ್ ಎಂದು ನೇಮಿಸಿಕೊಂಡಿದ್ದರು.

ಆ ಗಾಡಿಗಳಿಗೆ ಕ್ಲಚ್ ಇರಲಿಲ್ಲ. ಆಟೋಮ್ಯಾಟಿಕ್ ಗೇರು. ಹಿಡಿಕೆಯನ್ನು ಮುಂದಕ್ಕೆ ಹಾಕಿ ಆಕ್ಸಿಲರೇಟರ್ ತುಳಿದರೆ ಮುಗಿಯಿತು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗಾಡಿಯೇ ಬದಲಿಸಿಕೊಳ್ಳುತ್ತದೆ. ಉಸ್ತಾದರು ಮೊದಲ ಸಲ ಹತ್ತಿ ಕೂತಾಗ ಅವರ ಎಡಗಾಲು ತಾನಾಗಿ ಎದ್ದು ಕ್ಲಚ್ ಹುಡುಕಿ, ಅಗಲವಾದ ಬ್ರೇಕಿನ ಮೇಲೆ ಬಿತ್ತು. ಗಾಡಿ ಗಕ್ಕನೆ ನಿಂತು, ಪಕ್ಕದಲ್ಲಿದ್ದವನ ಹಣೆ ಗಾಜಿಗೆ ಬಡಿಯಿತು. ಇಳಿದು ಬಂದವರು ರುಮಾಲು ಬಿಚ್ಚಿ, ಮತ್ತೆ ಹತ್ತಿ ಕೂತು, ಎಲ್ಲರೆದುರು ಅದರಿಂದ ತಮ್ಮ ಎಡಗಾಲನ್ನು ಸೀಟಿನ ಕಾಲಿಗೆ ಕಟ್ಟಿಹಾಕಿದರು. ಒಂದು ವಾರ ಹಾಗೆಯೇ ಗಾಡಿ ನಡೆಸಿದರು.

"ಉಸ್ತಾದ್, ಕಳ್ಳನ್ನ ಕಟ್ಟಿದಂಗ ಕಟ್ಟೀರಲ್ರಿ," ಎಂದು ಇಂಡಿ ಊರಿನ ಒಬ್ಬ ಡ್ರೈವರ್ ನಕ್ಕ. ಅವನು ಉಸ್ತಾದರಿಗಿಂತ ಸ್ವಲ್ಪ ಕಿರಿಯ, ಅವರ ಕೈಯಲ್ಲಿ ಕಲಿಯದವನು, ಎರಡನೇ ನಂಬರಿನ ಗಾಡಿ ನಡೆಸುತ್ತಿದ್ದವನು. ಹೆಡ್ ಡ್ರೈವರ್ ಆಗುವ ಆಸೆ ಅವನಿಗೂ ಇತ್ತೆಂದು ಎಲ್ಲರೂ ಹೇಳುತ್ತಿದ್ದರು.

"ಕಳ್ಳನ ಐತೋ ಮಾರಾಯಾ. ಇಪ್ಪತ್ತು ವರ್ಷದ ಚಾಳಿ, ಬಿಡು ಅಂದ್ರ ಬಿಡ್ತೈತೇನು?"

ಆ ಸಂಜೆ ಕಟ್ಟೆಯ ಮೇಲೆ ಕೂತು ಅವರು ಎಡಗಾಲನ್ನು ನೀವಿಕೊಂಡರು. ಆಮೇಲೆ ಹೇಳಿದರು: "ಪೇಪರ್‌ನವ್ರ, ಆ ಗಾಡಿಗೆ ಕಿವಿ ಐತ್ರಿ. ತಾನ ಕೇಳ್ತೈತಿ, ತಾನ ಬದಲಿ ಮಾಡ್ತೈತಿ. ನಾ ಇಷ್ಟು ವರ್ಷ ಕಲತದ್ದು ಅದು ಹುಟ್ಟೂಮುಂದನ ಕಲತ ಬಂದೈತಿ." ಅಸೂಯೆಯ ದನಿಯಲ್ಲ ಅದು. ದೊಡ್ಡ ಹಾಡುಗಾರನನ್ನು ಕೇಳಿ ಬಂದ ಇನ್ನೊಬ್ಬ ಹಾಡುಗಾರನ ದನಿ.

ಮೂರನೇ ನಂಬರಿನ ಗಾಡಿ ನಡೆಸುತ್ತಿದ್ದವನು ಉಸ್ತಾದರ ಅಕ್ಕನ ಮಗ. ಹೆಂಡತಿ, ಒಂದು ಕೂಸು ಇದ್ದ ಗಟ್ಟಿಮುಟ್ಟಾದ ತರುಣ. ಭಾರಿ ವಾಹನದ ಲೈಸೆನ್ಸ್ ಸಿಕ್ಕು ಹೆಚ್ಚು ದಿನವಾಗಿರಲಿಲ್ಲ; ಬದಲಿ ಡ್ರೈವರನಾಗಿ ಅಲ್ಲಿ ಇಲ್ಲಿ ಓಡಾಡಿ, ಸೋದರಮಾವನ ಮಾತಿನಿಂದ ಈ ಕೆಲಸಕ್ಕೆ ಸೇರಿದ್ದ. ಮಾವನೇ ಅವನ ಗುರು. ಅವನ ಗಾಡಿ ಕೆಲವು ತಿಂಗಳು ಚೆನ್ನಾಗಿ ಓಡಿ, ಆಮೇಲೆ ಒದೆಯಲು ಶುರು ಮಾಡಿತು.

ಒದೆ ಎಂಬುದು ಡ್ರೈವರುಗಳೇ ಇಟ್ಟ ಹೆಸರು. ಮಣ್ಣು ತುಂಬಿಕೊಂಡು ಏರಿಯ ಇಳಿಜಾರನ್ನು ಹತ್ತುವಾಗ, ಒಂದರಿಂದ ಎರಡಕ್ಕೆ ಗೇರು ಬದಲಾಗುವ ಜಾಗದಲ್ಲಿ, ಗಾಡಿ ಒಂದು ಕ್ಷಣ ಹಿಡಿತ ತಪ್ಪಿದಂತೆ ತೇಲುತ್ತಿತ್ತು. ಎಂಜಿನ್ ಸುಮ್ಮನೆ ಅರಚುತ್ತಿತ್ತು. ಆಮೇಲೆ ದಢ್ ಎಂದು ಕೆಳಗಿನಿಂದ ಯಾರೋ ಒದ್ದಂತೆ ಗೇರು ಬೀಳುತ್ತಿತ್ತು. ಗಾಡಿಯ ಬೆನ್ನು ನಡುಗಿ, ಮಣ್ಣು ಹಿಂದಕ್ಕೆ ಸುರಿಯುತ್ತಿತ್ತು. ಹಿಂದೆ ನಡೆದು ಬರುತ್ತಿದ್ದ ಕೂಲಿಗಳು ಚದುರಿ ಓಡುತ್ತಿದ್ದರು. ಬೆಳಗಿನ ಮೊದಲ ಸರದಿಗಳಲ್ಲಿ ಕಡಿಮೆ, ಬಿಸಿಲು ಏರಿದಂತೆ ಹೆಚ್ಚು.

ಸೈಟಿನ ಮೇಲಧಿಕಾರಿ ಮೈಸೂರು ಕಡೆಯ ಒಬ್ಬ ಎಂಜಿನಿಯರ್, ಎಲ್ಲರಿಗೂ ಸಾಹೇಬರು. ಕಟ್ಟಡ, ಮಣ್ಣಿನ ಕೆಲಸ ಬಲ್ಲವರು, ಗಾಡಿಯ ಒಳಗಿನದು ತಮ್ಮ ವಿಷಯವಲ್ಲ ಎಂದು ಮೊದಲೇ ಹೇಳಿದ್ದವರು. ಅವರು ಉಸ್ತಾದರನ್ನು ಕರೆದರು.

"ನೋಡಿ, ಇದು ಗಾಡಿಯ ತಪ್ಪೋ ಡ್ರೈವರ್ ತಪ್ಪೋ ನೀವೇ ಹೇಳಬೇಕು. ನೀವು ಏನು ಹೇಳಿದರೂ ನಾನು ಹಾಗೇ ನಡೆಯುತ್ತೇನೆ. ಡ್ರೈವರ್ ತಪ್ಪಾದರೆ ಈ ವಾರಕ್ಕೆ ಅವನ ಲೆಕ್ಕ ಮುಗಿಸಿಬಿಡೋಣ."

ಈ ಗಾಡಿಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಗೂ ಒಂದು ಕಡ್ಡಿ ಇತ್ತು. ಉಸ್ತಾದರು ಮೊದಲು ಅದನ್ನು ಎಳೆದು ನೋಡಿದರು. ಬೆಳಗಿನ ಹೊತ್ತು, ಎಂಜಿನ್ ತಣ್ಣಗಿತ್ತು. ಎಣ್ಣೆ ಗುರುತಿನವರೆಗೆ ತುಂಬಿತ್ತು. ಆಮೇಲೆ ಅಳಿಯನ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದರು. ಚಹಾದ ಚಪ್ಪರದಲ್ಲಿ ಡ್ರೈವರುಗಳು, ಕ್ಲೀನರುಗಳು, ಮಣ್ಣಿನ ಕೂಲಿಗಳು ಎಲ್ಲ ನಿಂತಿದ್ದರು. ನಾನೂ ಇದ್ದೆ. ಉಸ್ತಾದರು ನಡುವೆ ನಿಂತು, ದೂರದವರಿಗೂ ಕೇಳುವ ಹಾಗೆ ಹೇಳಿದರು:

"ಗಾಡೀದೇನೂ ತಪ್ಪಿಲ್ಲ. ಎಣ್ಣಿ ಬರೋಬ್ಬರಿ ಐತಿ. ಇವನ ಕಾಲು ಭಾರ. ಲಾರಿ ಚಾಳಿ ಬಿಟ್ಟಿಲ್ಲ ಇಂವ, ಗೇರ್ ಬದಲಾಗೂ ಹೊತ್ತಿಗೆ ರೇಸ್ ಕೊಡ್ತಾನ. ಅದಕ್ಕ ಒದಿತೈತಿ."

"ಮಾಮಾ, ಕಾಲು ತಗದ ನೋಡೇನ್ರಿ. ಆದ್ರೂ ಒದಿತೈತ್ರಿ."

"ನನಗ ಕಲಸಾಕ ಬರಬ್ಯಾಡ. ಕಲಿಸಿದಾಂವ ನಾ."

ಇಂಡಿಯ ಡ್ರೈವರ್ ಬಸಿ ತಟ್ಟೆಗೆ ಚಹಾ ಸುರಿದುಕೊಳ್ಳುತ್ತ, "ಕಲಿಸಿದ್ದ ಹಿಂಗ ಆದ್ರ ಕಲಿಸಲಾರದ್ದು ಹೆಂಗಿರ್ತೈತೋ," ಎಂದ. ನಾಲ್ಕು ಜನ ನಕ್ಕರು. ಅಳಿಯ ತಲೆ ತಗ್ಗಿಸಿ ಗಾಡಿಯ ಕಡೆ ನಡೆದ.

ಅಲ್ಲಿ ನಿಜಕ್ಕೂ ಏನು ಪಣಕ್ಕಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಕೆಲಸ ಹೋದರೆ ಇನ್ನೊಂದು ಕೆಲಸ ಸಿಗಬಹುದು. ಆದರೆ ಗಾಡಿ ಕೆಡಿಸಿ ಹೊರಬಿದ್ದವನು, ಅದೂ ಸ್ವಂತ ಮಾವನ ಬಾಯಿಂದ ಅನ್ನಿಸಿಕೊಂಡವನು ಎಂಬ ಮಾತು ಲಾರಿ ಅಡ್ಡೆಗಳಲ್ಲಿ ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ. ಆಮೇಲೆ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಮಾಲಕನೂ ಅವನ ಕೈಗೆ ಚಾವಿ ಕೊಡುವುದಿಲ್ಲ.

ಆ ದಿನ ಗೋಡೆಯಾಚೆಯ ಅಡುಗೆಮನೆಯ ಮಾತು ನನಗೆ ಕೇಳಿಸಿತು. ಅವರ ಮನೆಯಾಕೆಯ ದನಿ ಗಂಡನದಕ್ಕಿಂತ ದೊಡ್ಡದು.

"ಮಂದಿ ಮುಂದ ಅಕ್ಕನ ಮಗನ ಮಾನ ತಗದ ಬಂದೀರಿ. ಉಣ್ರಿ ಈಗ. ರೊಟ್ಟಿ ಬಿಸಿ ಅದಾವು."

"ಖರೇ ಹೇಳಿದೆ. ನಮ್ಮಾಂವ ಅಂತ ಸುಳ್ಳು ಹೇಳ್ಲೇನು?"

"ಖರೇ ಅನ್ನೂದು ನಿಮಗೊಬ್ಬರಿಗೇ ಗೊತ್ತು. ಆ ಗಾಡಿ ಬಂದು ಎಷ್ಟು ದಿನಾ ಆತು? ಅದರ ಬಗ್ಗೆ ನಿಮಗರ ಏನು ಗೊತ್ತೈತಿ?"

ತಾಟು ಸರಿಸಿದ ಸಪ್ಪಳ ಬಂತು.

ಮರುದಿನ ಉಸ್ತಾದರು ಅಳಿಯನನ್ನು ಕೆಳಗಿಳಿಸಿ ಮೂರನೇ ನಂಬರನ್ನು ತಾವೇ ನಡೆಸಿದರು. ಹೆಂಡತಿಯ ಮಾತು ನಾಟಿತ್ತೋ, ಅಳಿಯನಿಗೆ ಪಾಠ ಕಲಿಸುವ ಹುರುಪೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೆಳಿಗ್ಗೆ ಎಲ್ಲ ಸರಿಯಿತ್ತು. ಬಿಸಿಲು ಏರಿತು. ಏರಿಯ ಅರ್ಧದಲ್ಲಿ ಅವರು ತಲೆ ಓರೆ ಮಾಡಿದರು, ಆಕ್ಸಿಲರೇಟರಿನ ಮೇಲಿದ್ದ ಬಲಗಾಲನ್ನು ಹೂವಿನ ಮೇಲಿಂದ ತೆಗೆದಂತೆ ಎತ್ತಿದರು. ಗಾಡಿ ತೇಲಿತು. ಆಮೇಲೆ ದಢ್ ಎಂದು ಒದೆಯಿತು. ನನ್ನ ಹಲ್ಲು ಹಲ್ಲಿಗೆ ಬಡಿಯಿತು.

ಅವರು ನನ್ನ ಕಡೆ ನೋಡಲಿಲ್ಲ. ಮುಂದಿನ ಸುತ್ತಿನಲ್ಲಿ ಮತ್ತೆ ಹಾಗೆಯೇ ಆಯಿತು. ಅದರ ಮುಂದಿನದರಲ್ಲೂ.

ಊಟದ ಹೊತ್ತಿಗೆ ಗಾಡಿಯನ್ನು ಇಳಿಜಾರಿನ ಬುಡದಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದರು. ಬ್ಯಾಟರಿ ಸೋತಿತ್ತು, ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಎಂಜಿನ್ನನ್ನು ಓಡುತ್ತಿರಲು ಬಿಟ್ಟು ಇಳಿದರು. ಕೈ ಸುಮ್ಮನಿರಲಿಲ್ಲ. ಅಭ್ಯಾಸದ ಬಲದಿಂದಲೇ ಇರಬೇಕು, ಗೇರ್ ಬಾಕ್ಸಿನ ಎಣ್ಣೆಯ ಕಡ್ಡಿಯನ್ನು ಎಳೆದರು. ನೋಡಿದರು. ಒರೆಸಿ ಮತ್ತೆ ಇಳಿಸಿ ಎಳೆದರು. ಕಡ್ಡಿಯ ತುದಿ ಮಾತ್ರ ಒದ್ದೆಯಿತ್ತು. ಕೆಳಗಿನ ಗುರುತೂ ಒಣಗಿತ್ತು.

"ಮುಂಜಾನೆ ತುಂಬಿತ್ತಲ್ರಿ?" ಎಂದೆ.

ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಬ್ಯಾಟರಿಯ ಗೊಡವೆ ಬಿಟ್ಟು ಎಂಜಿನ್ ಬಂದ್ ಮಾಡಿದರು. ಗಾಲಿಯ ನೆರಳಲ್ಲಿ ಕೂತು ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ ಎದ್ದು ಮತ್ತೆ ಕಡ್ಡಿ ಎಳೆದರು. ಎಣ್ಣೆ ಮೇಲಿನ ಗುರುತಿನ ಹತ್ತಿರ ಬಂದಿತ್ತು. ಯಾರೂ ಒಂದು ಹನಿ ಹಾಕಿರಲಿಲ್ಲ.

ಅವರು ನೆಲದ ಮೇಲೆ ಕೂತುಬಿಟ್ಟರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಹೆದರಿಕೆ ಎಂದೇ ಬರೆಯಬೇಕು.

ಆಮೇಲೆ ಅವರೇ ವಿವರಿಸಿದ್ದು ಹೀಗೆ. ಆ ಗೇರು ನಡೆಯುವುದೇ ಎಣ್ಣೆಯ ಒತ್ತಡದಿಂದ. ಎಂಜಿನ್ ಓಡುವಾಗ ಎಣ್ಣೆ ಮೇಲೇರಿ ಒಳಗಿನ ಚಕ್ರಗಳನ್ನು ತುಂಬಿಕೊಳ್ಳುತ್ತದೆ. ನಿಂತ ಮೇಲೆ ಇಳಿದು ತಳಕ್ಕೆ ಬರುತ್ತದೆ. ತಣ್ಣಗೆ ನಿಂತ ಗಾಡಿಯಲ್ಲಿ ಕಡ್ಡಿ ಎಳೆದರೆ ಯಾವಾಗಲೂ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಯಾವುದೋ ಕೊಳವೆಯ ಸಂದಿಯಿಂದ ದಿನವೂ ಸ್ವಲ್ಪ ಸ್ವಲ್ಪ ಸೋರಿತ್ತು. ಎರೆಮಣ್ಣಿಗೆ ಬಿದ್ದ ಎಣ್ಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿಗೆ ತೆಳುವಾದ ಎಣ್ಣೆ ಸಾಲದೆ ಒತ್ತಡ ಇಳಿದಾಗ ಒಳಗಿನ ತಟ್ಟೆಗಳು ತಡವಾಗಿ ಹಿಡಿಯುತ್ತವೆ. ಅಷ್ಟರಲ್ಲಿ ಎಂಜಿನ್ ಮುಂದೆ ಓಡಿರುತ್ತದೆ. ಹಿಡಿದಾಗ ಒಮ್ಮೆಲೇ ಹಿಡಿಯುತ್ತವೆ. ಅದೇ ಒದೆ. ಬೇರೆ ಎರಡು ಗಾಡಿಗಳಿಗೂ ಇದೇ ಕ್ರಮದಲ್ಲಿ ಎಣ್ಣೆ ನೋಡುತ್ತಿದ್ದರು. ಅವು ಸೋರುತ್ತಿರಲಿಲ್ಲ, ಅಷ್ಟೇ.

ಅಲ್ಲಿ ನಾವಿಬ್ಬರೇ ಇದ್ದೆವು. ಡಬ್ಬದಲ್ಲಿ ಎಣ್ಣೆ ತಂದು ಹೊಯ್ದು, "ಕಾಲು ಹಗುರ ಮಾಡ್ಕೊಂಡಾನ, ಈಗ ಒದಿಯೂದಿಲ್ಲ" ಎಂದು ಸಾಹೇಬರಿಗೆ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅಳಿಯನ ಕೆಲಸ ಉಳಿಯುತ್ತಿತ್ತು, ಉಸ್ತಾದರ ಮಾತೂ ಉಳಿಯುತ್ತಿತ್ತು.

"ಸಾಹೇಬರ ಹತ್ರ ಹೋಗೂಣೇನ್ರಿ?" ಎಂದು ಕೇಳಿದೆ.

"ಸಾಹೇಬರಿಗೆ ಅಷ್ಟ ಹೇಳಿದ್ರ ಆಗೂದಿಲ್ರಿ. ಎಲ್ಲಿ ನಿಂತು ಅಂದೇನಿ, ಅಲ್ಲೇ ನಿಂತು ಅನ್ನಬೇಕು. ಯಾರ್ಯಾರು ಕೇಳ್ಯಾರ, ಅವರೆಲ್ಲಾರೂ ಇರಬೇಕು."

ಹೊಯ್ಯಬಹುದಾಗಿದ್ದ ಎಣ್ಣೆಯನ್ನು ಅವರು ಆಗ ಹೊಯ್ಯಲಿಲ್ಲ. ಗಾಡಿಯನ್ನು ಹಾಗೆಯೇ ನಿಲ್ಲಿಸಿ ಮನೆಗೆ ಬಂದರು. ಮರುದಿನ ಬೆಳಗಿನ ಚಹಾಕ್ಕೆ ಚಪ್ಪರ ತುಂಬಿದಾಗ, ಎರಡು ದಿನದ ಹಿಂದೆ ನಿಂತಿದ್ದ ಅದೇ ಜಾಗದಲ್ಲಿ ಹೋಗಿ ನಿಂತರು. ಅಳಿಯ ಮೂಲೆಯಲ್ಲಿದ್ದ. ಸಾಹೇಬರನ್ನೂ ಕರೆಸಿದ್ದರು. ದನಿ ಮೊದಲಿನಷ್ಟೇ ದೊಡ್ಡದಿತ್ತು.

"ಮೊನ್ನೆ ಇಲ್ಲೇ ನಿಂತು ನಾ ಒಂದು ಮಾತು ಅಂದಿದ್ದೆ. ಅದು ತಪ್ಪು. ಗಾಡಿ ಎಣ್ಣಿ ಕಡಿಮಿ ಆಗಿ ಒದಿಯಾಕತ್ತೈತಿ. ಎಣ್ಣಿ ಕಡಿಮಿ ಆಗಿದ್ದು ನನಗ ಕಾಣಲಿಲ್ಲ. ಯಾಕ ಕಾಣಲಿಲ್ಲ ಅಂದ್ರ, ನಾ ತಣ್ಣಗಿದ್ದಾಗ ನೋಡ್ತೇನಿ, ನಿಮಗೂ ಹಂಗ ನೋಡಾಕ ಕಲಿಸೇನಿ. ಈ ಗಾಡೀಗೆ ಅದು ನಡಿಯೂದಿಲ್ಲ. ಚಾಲೂ ಇಟ್ಟು, ಬಿಸಿ ಆದ ಮ್ಯಾಲೆ ನೋಡಬೇಕು."

ಅವರು ಮುಗಿಸಿರಲಿಲ್ಲ.

"ಇನ್ನೊಂದು ಐತಿ. ಗಾಡಿ ಒಪ್ಪಸಾಕ ಬಂದಿದ್ನಲ್ಲ, ಆಂವ ಇದನ್ನ ನನಗ ಹೇಳಿದ್ದ. ಹಿಂದೀದಾಗ ಹೇಳಿದ. ನಿಮಗ್ಯಾರಿಗೂ ತಿಳೀಲಿಲ್ಲ, ನನಗ ತಿಳಿದಿತ್ತು. ಚಾಲೂ ಗಾಡಿದಾಗ ಎಣ್ಣಿ ನೋಡು ಅಂತಾನ, ಹುಚ್ಚ ಅದಾನ ಅಂತ ನಾ ನಕ್ಕು ಬಿಟ್ಟೆ."

ಈ ಮಾತು ನನಗೂ ಹೊಸದು. ಅದನ್ನು ಬಲ್ಲ ಮನುಷ್ಯ ಅಲ್ಲಿ ಇನ್ನೊಬ್ಬನಿರಲಿಲ್ಲ. ಹೇಳಲಿಲ್ಲವೆಂದರೆ ಎಂದಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ವರದಿಗಾರನಾಗಿ ಎಷ್ಟೋ ದೊಡ್ಡವರ ಎಷ್ಟೋ ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ. ಯಾರೂ ಕೇಳದೆ, ಯಾರೂ ಹಿಡಿಯದೆ, ತನ್ನ ತಪ್ಪಿನ ಇನ್ನೊಂದು ಅರ್ಧವನ್ನೂ ಎತ್ತಿ ಹೊರಗಿಟ್ಟ ಹೇಳಿಕೆಯನ್ನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಂಡಿಯ ಡ್ರೈವರ್ ಬಿಡಲಿಲ್ಲ. "ಬೇಷ್ ಐತ್ರಿ ಕಥಿ. ಅಳಿಯಾನ ಕೆಲಸ ಉಳಸಾಕ ಎಣ್ಣಿ ಮ್ಯಾಲೆ ಕೆಳಗ ಹತ್ತಿ ಇಳಿಯಾಕತ್ತೈತಿ!"

ಚಪ್ಪರದಲ್ಲಿ ನಗು ಎದ್ದಿತು. ನಾನು ಆ ಕ್ಷಣ ಅಳಿಯನ ಮುಖ ನೋಡಿದೆ. ಮೊದಲಿಗಿಂತ ಕುಗ್ಗಿತ್ತು. ಮಾವ ಬೈದಾಗ ಒಂದು ತಪ್ಪು ಮಾತ್ರ ಅವನ ಮೇಲಿತ್ತು. ಈಗ ಮಾವನಿಂದ ಸುಳ್ಳು ಹೇಳಿಸಿದ ಅಪವಾದವೂ ಬರುವ ಹಾಗಿತ್ತು.

ಉಸ್ತಾದರು ಸಿಟ್ಟಾಗಲಿಲ್ಲ. "ನನ್ನ ಮಾತು ನಂಬಬ್ಯಾಡ. ಬಾ, ನೀನ ಕಡ್ಡಿ ಎಳಿ. ನಾ ಗಾಡಿ ಮುಟ್ಟೂದಿಲ್ಲ," ಎಂದರು.

ಎಲ್ಲರೂ ಮೂರನೇ ನಂಬರಿನ ಸುತ್ತ ಸೇರಿದರು. ಇಂಡಿಯ ಡ್ರೈವರ್ ತಣ್ಣಗಿನ ಗಾಡಿಯಲ್ಲಿ ಕಡ್ಡಿ ಎಳೆದ. ತುಂಬಿತ್ತು, ಎತ್ತಿ ಎಲ್ಲರಿಗೂ ತೋರಿಸಿದ. ನಾಲ್ಕು ಜನ ಸೇರಿ ಇನ್ನೊಂದು ಗಾಡಿಯ ಬ್ಯಾಟರಿ ತಂದು ಜೋಡಿಸಿ ಚಾಲೂ ಮಾಡಿದರು. ಗಾಡಿ ಬಿಸಿಯಾಗುವವರೆಗೆ ಕಾದರು. ಅವನು ಮತ್ತೆ ಎಳೆದ. ಒರೆಸಿ, ಇನ್ನೊಮ್ಮೆ ಎಳೆದ. ಕಡ್ಡಿಯನ್ನು ಯಾರಿಗೂ ತೋರಿಸದೆ ಉಸ್ತಾದರ ಕೈಗೆ ಕೊಟ್ಟ.

"ಇಲ್ರಿ," ಎಂದ. "ಎಣ್ಣಿ ಇಲ್ರಿ, ಉಸ್ತಾದ್."

ಎಂಜಿನ್ ಓಡುತ್ತಿರುವಾಗಲೇ, ಗುರುತು ಮುಟ್ಟುವವರೆಗೆ ಎಣ್ಣೆ ಹೊಯ್ದರು. ಬಹಳ ಹಿಡಿಯಿತು. ಸೋರುವ ಸಂದಿಯನ್ನು ಹುಡುಕಿ ಬಿಗಿ ಮಾಡಿದರು. ಮಣ್ಣು ತುಂಬಿಸಿ, ಅಳಿಯನನ್ನೇ ಹತ್ತಿಸಿದರು. ನಾವೆಲ್ಲ ಕೆಳಗೆ ನಿಂತೆವು. ಗಾಡಿ ಇಳಿಜಾರನ್ನು ಹತ್ತತೊಡಗಿತು. ಒದೆಯುವ ಜಾಗ ಬಂತು. ಎಂಜಿನ್ನಿನ ದನಿ ಒಂದು ಮೆಟ್ಟಿಲು ಕೆಳಗಿಳಿದಂತೆ ಬದಲಾಯಿತು. ಮಣ್ಣಿನ ಒಂದು ಹೆಂಟೆಯೂ ಬೀಳಲಿಲ್ಲ. ಗಾಡಿ ಹಾಗೆಯೇ ಮೇಲಕ್ಕೆ ಹೋಗಿ ಆಕಾಶದ ಅಂಚಿನಲ್ಲಿ ನಿಂತಿತು. ಉಸ್ತಾದರ ತಲೆ ಓರೆಯಾಗಿತ್ತು. ಕಣ್ಣುಗಳು ಮುಚ್ಚಿದ್ದವು.

"ಕೇಳಿದಿರೇನ್ರಿ?" ಎಂದು ಯಾರನ್ನೂ ನೋಡದೆ ಕೇಳಿದರು.

ಸಾಹೇಬರು, "ಸರಿ ಬಿಡಿ, ಇಲ್ಲಿಗೆ ಮುಗಿಯಿತು," ಎಂದು ಹೊರಟರು. ಉಸ್ತಾದರು ತಡೆದರು. "ಮುಗೀಲಿಲ್ರಿ ಸಾಹೇಬ್ರ. ಇವನ ಕಾಲು ಒಂಚೂರು ಭಾರ ಐತಿ, ಅದು ಖರೇನ. ಅದು ಬ್ಯಾರೆ. ಅದಕ್ಕ ಗಾಡಿ ಒದ್ದಿಲ್ಲ." ಆಡಿದ ಮಾತಿನಲ್ಲಿ ತಪ್ಪಿದ್ದಷ್ಟನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡರು, ಸರಿಯಿದ್ದದ್ದನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಸುತ್ತಲಿನವರ ಕಡೆ ತಿರುಗಿ ಹೇಳಿದರು: "ಇನ್ನ ಮ್ಯಾಲೆ ನನಗ ಉಸ್ತಾದ್ ಅನಬ್ಯಾಡ್ರಿ. ಹೆಸರು ಹಿಡದು ಕರೀರಿ."

ಅಳಿಯ ಮೇಲಿನಿಂದ ಇಳಿದು ಬಂದ. ಮಾವನೂ ಅಳಿಯನೂ ಒಬ್ಬರನ್ನೊಬ್ಬರು ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

"ಮಾಮಾ, ಇವತ್ತು ಮನಿಗೆ ಉಣ್ಣಾಕ ಬರ್ತೇನ್ರಿ."

"ಬಾರಪಾ. ನೀ ಬಂದ್ರ ನಿಮ್ಮತ್ತಿ ನನಗೂ ನಾಕು ಮಾತು ಕಡಿಮಿ ಬೈತಾಳ."

ಗಾಡಿಯ ಒಳಗಿನ ತಟ್ಟೆಗಳು ಆ ಒದೆಗಳಿಂದ ಸವೆದಿದ್ದವು. ಕೆಲ ದಿನಗಳಲ್ಲಿ ಅದನ್ನು ಬಿಚ್ಚಬೇಕಾಯಿತು. ಮೇಲಿನವರು ಯಾರು ಕಾರಣ ಎಂದು ಕೇಳಿದಾಗ ಸಾಹೇಬರು ಯಾರ ಹೆಸರನ್ನೂ ಹೇಳದಿರಲು ನೋಡಿದರು. ಉಸ್ತಾದರೇ ಹೋಗಿ ಹೇಳಿದರು. ಹೆಡ್ ಡ್ರೈವರ್ ಕೆಲಸ ಇಂಡಿಯವನಿಗೆ ಹೋಯಿತು. ಉಸ್ತಾದರು ಉಳಿದವರಂತೆ ಒಂದು ಗಾಡಿ ನಡೆಸುತ್ತ ಕಾಲುವೆ ಮುಗಿಯುವವರೆಗೂ ಅಲ್ಲೇ ಇದ್ದರು. ಬೆಳಿಗ್ಗೆ ಬಂದವರೇ ಇಂಡಿಯವನ ಮುಂದೆ ನಿಂತು, "ಇವತ್ತು ಯಾವ ಕಡೆ ಹೋಗಬೇಕ್ರಿ?" ಎಂದು ಕೇಳುತ್ತಿದ್ದರು. ಅದರಲ್ಲಿ ಕೊಂಕು ಇರಲಿಲ್ಲ. ಇಂಡಿಯವನಿಗೇ ಅದನ್ನು ತಾಳಲಾಗುತ್ತಿರಲಿಲ್ಲ. ಬೇರೆ ಕಡೆ ನೋಡುತ್ತ, "ನೀವು ನೋಡ್ರಿ ಉಸ್ತಾದ್, ನಿಮಗ ಹೆಂಗ ತಿಳೀತೈತಿ ಹಂಗ," ಎನ್ನುತ್ತಿದ್ದ. ಹೆಸರು ಹಿಡಿದು ಕರೆಯುವ ಧೈರ್ಯ ಅವನಿಗೂ ಬರಲಿಲ್ಲ. ಕರೆದಾಗಲೆಲ್ಲ ಅವರು, "ಅನಬ್ಯಾಡ ಅಂದೇನಿ," ಎಂದು ತಿದ್ದುತ್ತಿದ್ದರು. ಸಾಯುವವರೆಗೂ ತಿದ್ದಿದರು.

ನಾನು ಮುಂದೆ ವರದಿಗಾರಿಕೆ ಬಿಟ್ಟು ಪತ್ರಿಕೆಯ ಜಿಲ್ಲಾ ಪುಟದ ಮೇಜಿಗೆ ಬಂದೆ. ಪತ್ರಿಕೆ ಎಂದಮೇಲೆ ತಪ್ಪುಗಳು ಆಗುತ್ತವೆ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಆದ ತಪ್ಪನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಿದ್ದುವುದು ಎಲ್ಲ ಕಡೆಯ ರೂಢಿ. ನನ್ನ ಮೇಜಿನಲ್ಲಿ ಅದನ್ನು ನಡೆಯಗೊಡಲಿಲ್ಲ. ಯಾವ ಪುಟದಲ್ಲಿ, ಯಾವ ಜಾಗದಲ್ಲಿ, ಎಷ್ಟು ದೊಡ್ಡದಾಗಿ ತಪ್ಪಿದೆವೋ ಅಲ್ಲೇ, ಅಷ್ಟೇ ದೊಡ್ಡದಾಗಿ ತಿದ್ದುಪಡಿ. ಹೊಸ ಉಪಸಂಪಾದಕರು ಇದು ಯಾರ ನಿಯಮ ಎಂದು ಕೇಳುತ್ತಿದ್ದರು. ಒಬ್ಬ ಡ್ರೈವರರದು ಎಂದರೆ ತಮಾಷೆ ಎಂದುಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಆ ಮೇಜಿಗೇ ಬಂತು. ಮೋರಟಗಿಯಿಂದ ಬಂದ ಎರಡು ಸಾಲು. ನಾನು ರಜೆಯಲ್ಲಿದ್ದೆ, ಬೇರೆಯವರು ನೋಡಿ ಹಾಕಿದ್ದರು. "ನಿವೃತ್ತ ಲಾರಿ ಚಾಲಕ" ಎಂದಿತ್ತು. ಬೆಳಿಗ್ಗೆಯೇ ನನ್ನ ಮನೆಗೆ ಅವರ ಅಳಿಯನ ಫೋನ್ ಬಂತು. ಆಗ ಅವನೇ ಎರಡು ಲಾರಿಗಳ ಮಾಲಕನಾಗಿದ್ದ.

"ಸಾಹೇಬ್ರ, ಪೇಪರ್‌ನ್ಯಾಗ ತಪ್ಪು ಬಂದೈತ್ರಿ. ಮಾಮಾ ಉಸ್ತಾದ್ ಇದ್ರು."

"ಅವರು ಹಾಗೆ ಅನ್ನಬೇಡಿ ಅಂದಿದ್ದರಲ್ಲಪ್ಪ."

"ಅಂದಿದ್ರು ಖರೇ," ಎಂದ. "ಅವರು ಆಡಿದ ಅದೊಂದು ಮಾತು ತಪ್ಪೈತ್ರಿ. ತಿದ್ರಿ."

ಮರುದಿನ ಅದೇ ಪುಟದ ಅದೇ ಜಾಗದಲ್ಲಿ ತಿದ್ದಿದೆವು.